ಹದಿನೈದರಿಂದ ಎಂಟು, ಸಂದು ಚುಕ್ಕಿ

ರಂಗೋಲಿ ಪುಸ್ತಕ ತಿರುವಿದವರಿಗೆಲ್ಲ ಈ ಮಾತು ಗೊತ್ತು: ಹದಿನೈದರಿಂದ ಎಂಟು, ಸಂದು ಚುಕ್ಕಿ. ನಟ್ಟನಡುವೆ ಹದಿನೈದು ಚುಕ್ಕಿಯ ಸಾಲು. ಅದರ ಮೇಲೂ ಕೆಳಗೂ ಎರಡು ಚುಕ್ಕಿಗಳ ಸಂದಿಗೆ ಒಂದರಂತೆ ಇಡುತ್ತ ಹೋದರೆ ಹದಿನಾಲ್ಕು, ಹದಿಮೂರು, ಹನ್ನೆರಡು. ಎಂಟಕ್ಕೆ ಬಂದಾಗ ನಿಲ್ಲಿಸಬೇಕು. ಇಷ್ಟು ಹೇಳಿದರೆ ಸಾಕು, ರೂಢಿಯಿದ್ದವರು ಹಿಟ್ಟಿನ ಬಟ್ಟಲು ಹಿಡಿದು ಅಂಗಳಕ್ಕಿಳಿದು ಆರು ಮೂಲೆಯ ಚುಕ್ಕಿಗಳನ್ನು ಚಕಚಕನೆ ಇಟ್ಟುಬಿಡುತ್ತಾರೆ. ಒಟ್ಟು ಎಷ್ಟು ಚುಕ್ಕಿ ಎಂದು ಕೇಳಿದರೆ ಮಾತ್ರ ನಗುತ್ತಾರೆ. ಅದನ್ನೆಲ್ಲ ಯಾರು ಎಣಿಸಿದ್ದಾರೆ!

ಎಣಿಸಿದರೆ 169.

ಕೊಡೈಕಾನಲ್ ಬೆಟ್ಟ ಇಳಿದು, ಪೆರಿಯಕುಳಂ ಮತ್ತು ತೇನಿ ದಾಟಿ ಕಂಬಂ ಕಣಿವೆಗೆ ಬಂದರೆ ಧನುರ್ಮಾಸದ ನಸುಕಿನಲ್ಲಿ ಬೀದಿಯುದ್ದಕ್ಕೂ ಇದೇ ಕೆಲಸ. ಅಲ್ಲಿನವರಿಗೆ ಅದು ಮಾರ್ಗಳಿ, ಬಾಗಿಲ ಮುಂದಿನದು ಕೋಲಂ. ಕಂಬಂ, ಬೋಡಿನಾಯಕನೂರು ಮೊದಲಾದ ಊರುಗಳಲ್ಲಿ ಮನೆಯೊಳಗೆ ಇಂದಿಗೂ ಒಂದು ಬಗೆಯ ಹಳೆಯ ಕನ್ನಡ ಆಡುವ ಕುಟುಂಬಗಳಿವೆ: ಕಪ್ಪಿಲಿಯರು, ಅನುಪ್ಪ ಗೌಂಡರು. ಎಷ್ಟೋ ತಲೆಮಾರುಗಳ ಹಿಂದೆ ದನ ಹೊಡೆದುಕೊಂಡು ದಕ್ಷಿಣಕ್ಕೆ ಬಂದ ಒಕ್ಕಲು ಮಕ್ಕಳು ಇವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಲೆಕ್ಕದ ಪುಸ್ತಕದಲ್ಲಿ ಎಷ್ಟೋ ಸಲ ಇಂಗ್ಲಿಷು. ಮೂರು ಭಾಷೆಗಳ ನಡುವೆ ಓಡಾಡುವ ಇಂಥ ಮಗುವಿಗೆ ಗಣಿತ ಕಲಿಸಲು ಹೊರಟವರಿಗೆ ಬಾಗಿಲಲ್ಲೇ ಬಿದ್ದಿರುವ ಚುಕ್ಕಿಗಳಿಗಿಂತ ಒಳ್ಳೆಯ ಸಾಮಗ್ರಿ ಸಿಗದು ಎಂಬುದು ನನ್ನ ನಂಬಿಕೆ. ಅದಕ್ಕೆ ಭಾಷೆ ಕಡಿಮೆ ಸಾಕು. ಖರ್ಚಂತೂ ಇಲ್ಲವೇ ಇಲ್ಲ.

ಆದರೆ ನಮ್ಮ ಶಾಲೆಗಳಲ್ಲಿ ಸಂಖ್ಯಾವಿನ್ಯಾಸ ಎಂದರೆ ಏನು? ಬಿಟ್ಟ ಸ್ಥಳ ತುಂಬಿ: 2, 4, 8, ಗೆರೆ. ಉತ್ತರ 16. ಒಂದು ಅಂಕ. ಯಾವುದೋ ಮಗು 14 ಎಂದು ಬರೆದರೆ ಕೆಂಪು ಗೀಟು. ಆ ಮಗು ಏನು ನೋಡಿತು ಎಂದು ಕೇಳುವ ವ್ಯವಧಾನ ಯಾರಿಗೂ ಇಲ್ಲ. ಎರಡರಿಂದ ನಾಲ್ಕಕ್ಕೆ ಎರಡು ಕೂಡಿತು, ನಾಲ್ಕರಿಂದ ಎಂಟಕ್ಕೆ ನಾಲ್ಕು ಕೂಡಿತು, ಹಾಗಾದರೆ ಈಗ ಆರು ಕೂಡಬೇಕು, ಹದಿನಾಲ್ಕು! ತಪ್ಪೇನಿದೆ? ಮೂರು ಸಂಖ್ಯೆ ಕೊಟ್ಟು ನಾಲ್ಕನೆಯದನ್ನು ಕೇಳುವುದು ಪರೀಕ್ಷೆಗೆ ಅನುಕೂಲ, ಯೋಚನೆಗೆ ಅಲ್ಲ. ಬರೇ ಸಂಖ್ಯೆಗಳ ಸಾಲಿಗೆ ಒಡಲಿಲ್ಲ. ಅದು ಹೇಗೆ ಬೆಳೆಯಿತು ಎಂದು ತೋರಿಸಲು ಅಲ್ಲಿ ಏನೂ ಇಲ್ಲ. ಅದೇ ಒಂದು ಆಕಾರ ಇಟ್ಟು ನೋಡಿ. ಮಗು ಕೈ ತೋರಿಸಿ ಹೇಳುತ್ತದೆ, ‘ಇಲ್ಲಿ ಸೇರಿತು’ ಎಂದು. ‘ಮುಂದಿನದೇನು’ ಎಂಬ ಪ್ರಶ್ನೆಯನ್ನು ‘ಹೊಸದು ಎಲ್ಲಿ ಬಂತು’ ಎಂದು ಬದಲಿಸಿದರೆ ಪಾಠದ ಮುಕ್ಕಾಲು ಪಾಲು ಮುಗಿದಂತೆ.

ಕಣಿವೆಯದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಂಬಂ ಸುತ್ತಮುತ್ತ ಕಣ್ಣು ಹಾಯಿಸಿದಲ್ಲೆಲ್ಲ ದ್ರಾಕ್ಷಿ ಚಪ್ಪರ. ಇಲ್ಲಿನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಸಾಲಾಗಿ ನೆಟ್ಟ ಕಂಬಗಳು, ಕಂಬದಿಂದ ಕಂಬಕ್ಕೆ ಎಳೆದ ತಂತಿ. ಮಕ್ಕಳಿಗೆ ಇದು ಹುಟ್ಟಿದಾಗಿನಿಂದ ಕಂಡ ನೋಟ. ತರಗತಿಯ ನೆಲದ ಮೇಲೆ ಕಡ್ಡಿಗಳಿಂದ ಒಂದು ಚೌಕದ ಚಪ್ಪರ ಮಾಡಿಸಿ: ನಾಲ್ಕು ಕಂಬ, ಅಂಚಿಗೆ ನಾಲ್ಕು ಕಡ್ಡಿ. ಅದಕ್ಕೆ ತಾಗಿಸಿ ಇನ್ನೊಂದು ಅಂಕಣ. ಕಂಬ ಆರಾಯಿತು, ಕಡ್ಡಿ ಏಳು. ಮೂರು ಅಂಕಣಕ್ಕೆ ಎಂಟು ಕಂಬ, ಹತ್ತು ಕಡ್ಡಿ. ಈಗ ಕೇಳಬೇಕು: ಒಂದೇ ಸಾಲಿನಲ್ಲಿ ನೂರು ಅಂಕಣ ಕಟ್ಟಬೇಕು, ಕಡ್ಡಿ ಎಷ್ಟು ತರಿಸಲಿ?

ನೂರು ಎಂದೊಡನೆ ತರಗತಿಯ ಗದ್ದಲ ಅಡಗುತ್ತದೆ. ಹತ್ತಾದರೆ ಇಟ್ಟು ಎಣಿಸಬಹುದು, ನೂರು ಇಡಲು ನೆಲವೂ ಸಾಲದು, ಕಡ್ಡಿಯೂ ಸಾಲದು. ಯೋಚಿಸಲೇಬೇಕು. ಸ್ವಲ್ಪ ಹೊತ್ತು ಬಿಟ್ಟರೆ ಒಬ್ಬೊಬ್ಬರೇ ಬಾಯಿಬಿಡುತ್ತಾರೆ.

‘ಟೀಚರ್, ಮೊದಲನೇದಕ್ಕೆ ನಾಲ್ಕು, ಆಮೇಲೆ ಪ್ರತಿಯೊಂದಕ್ಕೂ ಮೂರು ಮೂರು ಸಾಕು.’ ನಾಲ್ಕು, ಅದರ ಮೇಲೆ ತೊಂಬತ್ತೊಂಬತ್ತು ಸಲ ಮೂರು.

‘ಇಲ್ಲ, ಮೊದಲು ಒಂದು ಕಡ್ಡಿ ನಿಲ್ಲಿಸಿಬಿಡಿ. ಆಮೇಲೆ ಎಲ್ಲದಕ್ಕೂ ಮೂರೇ.’ ಒಂದು, ಅದರ ಮೇಲೆ ನೂರು ಸಲ ಮೂರು.

‘ನಾನು ಹಂಗೆ ನೋಡಲೇ ಇಲ್ಲ. ಮೇಲೆ ನೂರು ಮಲಗಿದಾವೆ, ಕೆಳಗೆ ನೂರು ಮಲಗಿದಾವೆ. ನಿಂತಿರೋವು ನೂರಾ ಒಂದು.’

ಹಿಂದಿನ ಬೆಂಚಿನಿಂದ ಇನ್ನೊಂದು: ‘ನೂರಕ್ಕೂ ನಾಲ್ಕು ನಾಲ್ಕು ಕೊಟ್ಟರೆ ನಾನೂರು. ಅಕ್ಕಪಕ್ಕದವರು ಹಂಚಿಕೊಂಡ ಗೋಡೆ ಎರಡೆರಡು ಸಲ ಬಂತಲ್ಲ, ಅದು ತೊಂಬತ್ತೊಂಬತ್ತು, ಕಳೀರಿ.’

ನಾಲ್ಕು ದಾರಿಯೂ 301ಕ್ಕೇ ಬಂದು ಸೇರುತ್ತವೆ. ಎಂಟನೇ ತರಗತಿಯಲ್ಲಿ ಇದೇ ಮಕ್ಕಳಿಗೆ 4 + 3(n – 1) ಮತ್ತು 3n + 1 ಎರಡೂ ಒಂದೇ ಎಂದು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸುತ್ತಾರೆ. ಐದನೇ ತರಗತಿಯಲ್ಲಿ ಕಡ್ಡಿ ಇಟ್ಟು ಜಗಳವಾಡಿದ ಮಗುವಿಗೆ ಅದು ಸಾಬೀತು ಮಾಡಬೇಕಾದ ಸಂಗತಿಯಲ್ಲ, ನೆನಪು. ಬೀಜಗಣಿತದ ಅಕ್ಷರಗಳಿಗೆ ಹೆದರುವ ಮಕ್ಕಳಲ್ಲಿ ಬಹುಪಾಲು ಆ ಅಕ್ಷರದ ಹಿಂದೆ ಯಾವ ಚಪ್ಪರವನ್ನೂ ಕಂಡವರಲ್ಲ.

ಇಲ್ಲೊಂದು ಕೆಟ್ಟ ಅಭ್ಯಾಸದ ಬಗ್ಗೆ ಹೇಳಬೇಕು. ಆಕಾರ ಇಟ್ಟ ಮರುಗಳಿಗೆಯೇ ಕೋಷ್ಟಕ ಬರೆಸುವುದು. ಅಂಕಣ 1, 2, 3. ಕಡ್ಡಿ 4, 7, 10. ಕೋಷ್ಟಕ ಕಂಡದ್ದೇ ತಡ, ಮಕ್ಕಳ ಕಣ್ಣು ಕಡ್ಡಿಯಿಂದ ಅಂಕಿಗೆ ಜಾರುತ್ತದೆ. ‘ಮೂರು ಕೂಡುತ್ತಾ ಹೋಗು’ ಎಂಬ ಒಂದೇ ಸುಳಿವು ಹಿಡಿದು ಕೆಳಗಿಳಿಯುತ್ತಾರೆ. ಮೂರು ಯಾಕೆ ಎಂಬುದು ಬಿಟ್ಟೇ ಹೋಗುತ್ತದೆ. ನೂರನೆಯದಕ್ಕೆ ತೊಂಬತ್ತೊಂಬತ್ತು ಸಾಲು ಬರೆಯಲು ಕೂತ ಮಕ್ಕಳೂ ಉಂಟು. ಕೋಷ್ಟಕ ಬೇಡವೆಂದಲ್ಲ, ಅದು ಕೊನೆಯಲ್ಲಿ ಬರಲಿ. ಅದಕ್ಕೆ ಮೊದಲು ಹೊಸದಾಗಿ ಸೇರಿದ ಕಡ್ಡಿಗಳನ್ನು ಬೇರೆ ಬಣ್ಣದಲ್ಲಿ ಇಡಿಸಿ. ಬಣ್ಣದ ಕಡ್ಡಿ ಇಲ್ಲವೆ? ಹಳೆಯದಕ್ಕೆ ಹುಣಸೆಬೀಜ, ಹೊಸದಕ್ಕೆ ಕಡಲೆ. ಬೆಳವಣಿಗೆ ಕಣ್ಣಿಗೆ ಹೊಡೆದು ಕಾಣುವಂತಿರಬೇಕು, ಅಷ್ಟೆ.

ಈಗ 169ಕ್ಕೆ ಬರೋಣ. ಸಂದು ಚುಕ್ಕಿಯಲ್ಲಿ ಒಂದು ಚುಕ್ಕಿಯಿಂದ ಶುರು ಮಾಡಿ. ಅದರ ಸುತ್ತ ಆರು ಇಟ್ಟರೆ ಮೂರರಿಂದ ಎರಡು: ಒಟ್ಟು 7. ಅದರ ಸುತ್ತ ಇನ್ನೊಂದು ಬಳೆ ಇಟ್ಟರೆ ಐದರಿಂದ ಮೂರು: ಹೊಸವು 12, ಒಟ್ಟು 19. ಮುಂದಿನದು ಏಳರಿಂದ ನಾಲ್ಕು: ಹೊಸವು 18, ಒಟ್ಟು 37. ಒಂದೊಂದು ಬಳೆಗೂ ಆರು ಹೆಚ್ಚು. ಆರು ಬದಿಗಳಲ್ಲಿ ಒಂದೊಂದು ಚುಕ್ಕಿ ಉದ್ದವಾಯಿತಲ್ಲ, ಅದಕ್ಕೆ. ಹೀಗೇ ಎಂಟನೆಯ ಹಂತಕ್ಕೆ ಹೋದರೆ 169. ಅದು ಹದಿಮೂರರ ವರ್ಗವೂ ಹೌದು, ಆದರೆ ಅದು ಆಕಸ್ಮಿಕ. ಮಕ್ಕಳಿಗೆ ಹೇಳಿ, ಪ್ರತಿ ಚೆಲುವಾದ ಹೊಂದಾಣಿಕೆಯ ಹಿಂದೆಯೂ ಕಾರಣ ಇರಬೇಕೆಂದಿಲ್ಲ.

ಕಾರಣ ಇರುವ ಒಂದು ಹೊಂದಾಣಿಕೆ ಇದೆ, ಅದು ನನಗೆ ಇಡೀ ವಿಷಯದಲ್ಲೇ ಅತಿ ಪ್ರಿಯವಾದದ್ದು. ಒಂದು, ಏಳು, ಹತ್ತೊಂಬತ್ತು, ಮೂವತ್ತೇಳು ಇವನ್ನು ಕೂಡಿಸುತ್ತ ಹೋಗಿ. ಒಂದು. ಒಂದು ಮತ್ತು ಏಳು, ಎಂಟು. ಹತ್ತೊಂಬತ್ತು ಸೇರಿಸಿ, ಇಪ್ಪತ್ತೇಳು. ಮೂವತ್ತೇಳು ಸೇರಿಸಿ, ಅರವತ್ತನಾಲ್ಕು. ಎಲ್ಲ ಘನಸಂಖ್ಯೆಗಳು! ಚಪ್ಪಟೆ ನೆಲದ ಮೇಲಿನ ಆರು ಮೂಲೆಯ ಚುಕ್ಕಿಗಳಿಗೂ ಪೆಟ್ಟಿಗೆಯಾಕಾರದ ಘನಕ್ಕೂ ಏನು ನೆಂಟಸ್ತಿಕೆ? ಸಕ್ಕರೆಯ ಚೌಕ ಗಟ್ಟಿಗಳೋ ಮರದ ತುಂಡುಗಳೋ ಸಿಕ್ಕರೆ ಮೂರು ಉದ್ದ, ಮೂರು ಅಗಲ, ಮೂರು ಎತ್ತರ ಜೋಡಿಸಿ. ಒಂದು ಮೂಲೆ ನೇರ ನಿಮ್ಮ ಮೂಗಿಗೆ ಬರುವಂತೆ ಒಂದೇ ಕಣ್ಣು ತೆರೆದು ನೋಡಿ. ಹೊರಗೆರೆ ಆರು ಮೂಲೆಯದಾಗಿ ಕಾಣುತ್ತದೆ. ಕಾಣುವ ತುಂಡುಗಳನ್ನು ಎಣಿಸಿದರೆ ಹತ್ತೊಂಬತ್ತು. ಕಾಣದೆ ಹಿಂದೆ ಅಡಗಿದ್ದು ಎಂಟು, ಅದು ಎರಡರ ಘನ. ಆ ಹತ್ತೊಂಬತ್ತನ್ನು ತೆಗೆದುಬಿಡಿ, ಎರಡರ ಪುಟ್ಟ ಘನ ಉಳಿಯುತ್ತದೆ. ಅದರಲ್ಲಿ ಕಾಣುವುದು ಏಳು, ಅಡಗಿದ್ದು ಒಂದು. ಈರುಳ್ಳಿಯಂತೆ ಸಿಪ್ಪೆ ಸುಲಿಯುತ್ತ ಬರುತ್ತದೆ, ಪ್ರತಿ ಸಿಪ್ಪೆಯೂ ಅಮ್ಮ ಇಡುವ ಒಂದೊಂದು ಸಂದು ಚುಕ್ಕಿಯ ಲೆಕ್ಕ. ಎಂಟು ಉದ್ದದ ಘನದ ಹೊರ ಸಿಪ್ಪೆಯೇ ಹದಿನೈದರಿಂದ ಎಂಟು.

ನೇರ ಚುಕ್ಕಿಯದು ಇನ್ನೊಂದು ಬಗೆ. ಒಂದು, ಮೂರು, ಐದು, ಮತ್ತೆ ಮೂರು, ಒಂದು: ಒಟ್ಟು ಹದಿಮೂರು. ಏಳರವರೆಗೆ ಹೋಗಿ ಬಂದರೆ 25, ಒಂಬತ್ತರವರೆಗಾದರೆ 41. ತಲೆಯನ್ನು ಸ್ವಲ್ಪ ಓರೆ ಮಾಡಿ ನೋಡುವ ಮಗುವಿಗೆ ಇದರಲ್ಲಿ ಒಂದರೊಳಗೊಂದು ಹೆಣೆದುಕೊಂಡ ಎರಡು ಚೌಕ ಕಾಣುತ್ತವೆ: ಹದಿಮೂರರಲ್ಲಿ ಒಂಬತ್ತು ಮತ್ತು ನಾಲ್ಕು, 25ರಲ್ಲಿ ಹದಿನಾರು ಮತ್ತು ಒಂಬತ್ತು. ಇನ್ನೊಂದು ಮಗುವಿಗೆ ನಡುವೆ ಒಂದು ಚುಕ್ಕಿ, ಸುತ್ತ ನಾಲ್ಕು ತ್ರಿಕೋನ ಕಾಣಬಹುದು. ಇಬ್ಬರೂ ಸರಿ. ಇಬ್ಬರಿಂದಲೂ ಬಾಯಿಬಿಡಿಸಬೇಕು, ಒಬ್ಬರದನ್ನು ಇನ್ನೊಬ್ಬರಿಗೆ ತೋರಿಸಿಕೊಡುವಂತೆ ಹೇಳಬೇಕು. ಮೇಷ್ಟ್ರ ಕೆಲಸ ಇಲ್ಲಿ ಕಡಿಮೆ ಮಾತಾಡುವುದು, ಕೆಲವರಿಗೆ ಅದೇ ಕಷ್ಟ.

ತಮಿಳುನಾಡಿನಲ್ಲಿ ಈ ಕೆಲಸವನ್ನು ಬದುಕಿನುದ್ದಕ್ಕೂ ಮಾಡಿದ ಒಬ್ಬ ಶಾಲಾ ಮೇಷ್ಟ್ರಿದ್ದರು: ಪಿ.ಕೆ. ಶ್ರೀನಿವಾಸನ್ (1924–2005). ಚೆನ್ನೈಯ ರಾಯಪುರದಲ್ಲಿ 1993ರಲ್ಲಿ ಶುರುವಾದ ರಾಮಾನುಜನ್ ಸಂಗ್ರಹಾಲಯದ ಹಿಂದಿನ ಶಕ್ತಿ ಅವರೇ. ಗೋಡೆಯ ಕ್ಯಾಲೆಂಡರ್ ಒಂದನ್ನೇ ಇಟ್ಟುಕೊಂಡು ಮಕ್ಕಳಿಗೆ ಸಂಖ್ಯೆಗಳ ಆಟ ಕಲಿಸುವ ಒಂದು ಪುಟ್ಟ ಪುಸ್ತಕ ಬರೆದರು. ಯಾವ ತಿಂಗಳಾದರೂ ಸರಿ, ಮೂರು ಸಾಲು ಮೂರು ಕಂಬದ ಒಂಬತ್ತು ತಾರೀಕುಗಳ ಸುತ್ತ ಗೆರೆ ಎಳೆಯಿರಿ. ನಡುವಿನದು 16 ಆಗಿದ್ದರೆ ಒಂಬತ್ತರ ಮೊತ್ತ 144, ಅಂದರೆ ನಡುವಿನದರ ಒಂಬತ್ತು ಪಟ್ಟು. ಯಾಕೆಂದರೆ ಎಡಕ್ಕಿರುವುದು ಒಂದು ಕಡಿಮೆಯಾದಷ್ಟೇ ಬಲಕ್ಕಿರುವುದು ಹೆಚ್ಚು, ಮೇಲಿನದು ಏಳು ಕಡಿಮೆಯಾದಷ್ಟೇ ಕೆಳಗಿನದು ಹೆಚ್ಚು. ನಾಲ್ಕು ತಾರೀಕಿನ ಚೌಕ ತೆಗೆದುಕೊಂಡು ಓರೆಯಾಗಿ ಗುಣಿಸಿದರೆ ವ್ಯತ್ಯಾಸ ಯಾವಾಗಲೂ ಏಳು. ಇದನ್ನು ಕಂಡ ಮಗು ಮನೆಯ ಕ್ಯಾಲೆಂಡರಿನ ಎಲ್ಲ ಹಾಳೆಗಳ ಮೇಲೂ ಗೀಚದೆ ಬಿಡದು. ಮನೆಯವರು ಒಂದಿಷ್ಟು ತಾಳಿಕೊಳ್ಳಬೇಕು.

ಪಠ್ಯಪುಸ್ತಕಗಳೂ ಈಚೆಗೆ ಎಚ್ಚೆತ್ತಿವೆ. ಎನ್‌ಸಿಇಆರ್‌ಟಿ 2024ರಲ್ಲಿ ತಂದ ಆರನೇ ತರಗತಿಯ ‘ಗಣಿತ ಪ್ರಕಾಶ’ದ ಮೊದಲ ಅಧ್ಯಾಯವೇ ವಿನ್ಯಾಸಗಳ ಕುರಿತದ್ದು. ಬೆಸ ಸಂಖ್ಯೆಗಳು, ತ್ರಿಕೋನ ಸಂಖ್ಯೆಗಳು, ವರ್ಗ, ಘನ, ವಿರಹಾಂಕ ಸಂಖ್ಯೆಗಳು ಎಲ್ಲವೂ ಚಿತ್ರಗಳ ಜೊತೆ ಬರುತ್ತವೆ. ಬೆಸ ಸಂಖ್ಯೆಗಳನ್ನು ಒಂದರಿಂದ ಕೂಡಿಸುತ್ತ ಹೋದರೆ ವರ್ಗ ಯಾಕೆ ಬರುತ್ತದೆ ಎಂಬುದನ್ನು ಮೂಲೆಗೆ ಮೂಲೆ ಹೊಂದಿಸಿದ ಚುಕ್ಕಿಗಳಲ್ಲೇ ನೋಡಲು ಹೇಳುತ್ತಾರೆ. ಒಳ್ಳೆಯ ಪುಸ್ತಕ. ಆದರೆ ಅದನ್ನೂ ಬಿಟ್ಟ ಸ್ಥಳ ತುಂಬಿಸಿ ಮುಗಿಸಿಬಿಡುವ ಕಲೆ ನಮ್ಮಲ್ಲಿ ಧಾರಾಳವಾಗಿದೆ.

ಕನ್ನಡ ನೆಲಕ್ಕೆ ಇದು ಹೊಸದೇನೂ ಅಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಶ್ರೇಢಿಗಳ ಲೆಕ್ಕ ವಿಸ್ತಾರವಾಗಿ ಇದೆ. ಅದರಲ್ಲೇ ಗುಣಾಕಾರ ಕಲಿಸುವಾಗ ಆತ ಬೇಕೆಂದೇ ಎಂಥ ಸಂಖ್ಯೆಗಳನ್ನು ಆರಿಸುತ್ತಾನೆ ನೋಡಿ: 139ನ್ನು 109ರಿಂದ ಗುಣಿಸಿದರೆ 15151. 27994681ನ್ನು 441ರಿಂದ ಗುಣಿಸಿದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಗುಣಲಬ್ಧಗಳನ್ನು ಆತ ಕೊರಳ ಹಾರಕ್ಕೆ ಹೋಲಿಸುತ್ತಾನೆ. ಗುಣಾಕಾರದ ಅಭ್ಯಾಸವೂ ಆಯಿತು, ಕೊನೆಯಲ್ಲಿ ಒಂದು ಬೆರಗೂ ಸಿಕ್ಕಿತು. ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ್ದು 1912ರಲ್ಲಿ, ಮದರಾಸಿನಿಂದ.

ಇನ್ನೊಂದು ದಾರಿ ಛಂದಸ್ಸಿನದು. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದವರಿಗೆ ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ ಎಂಬುದು ಮರೆತಿರದು. ಮೂರು ಮಾತ್ರೆಯನ್ನು ಎಷ್ಟು ಬಗೆಯಲ್ಲಿ ತುಂಬಬಹುದು? ಮೂರು ಲಘು, ಗುರು-ಲಘು, ಲಘು-ಗುರು. ಮೂರು ಬಗೆ. ನಾಲ್ಕು ಮಾತ್ರೆಗೆ ಐದು ಬಗೆ, ಐದಕ್ಕೆ ಎಂಟು. ಮಕ್ಕಳಿಂದ ಚಪ್ಪಾಳೆಯಲ್ಲಿ ಹಾಕಿಸಬಹುದು, ಗಿಡ್ಡ ಚಪ್ಪಾಳೆ, ಎಳೆದ ಚಪ್ಪಾಳೆ. ಕಾರಣವೂ ಕೈಗೆ ಸಿಗುತ್ತದೆ: ಐದು ಮಾತ್ರೆಯ ಕೊನೆಯಲ್ಲಿ ಲಘು ಇದ್ದರೆ ಅದರ ಹಿಂದೆ ನಾಲ್ಕು ಮಾತ್ರೆ, ಅದಕ್ಕೆ ಐದು ಬಗೆ, ಗುರು ಇದ್ದರೆ ಹಿಂದೆ ಮೂರು ಮಾತ್ರೆ, ಅದಕ್ಕೆ ಮೂರು ಬಗೆ, ಕೂಡಿ ಎಂಟು. ಇಟಲಿಯ ಫಿಬೊನಾಚಿ 1202ರಲ್ಲಿ ಮೊಲಗಳ ಲೆಕ್ಕದಲ್ಲಿ ಬರೆದ ಸಾಲು ಇದೇ. ಅದಕ್ಕೆ ಮೊದಲೇ ವಿರಹಾಂಕ, ಆಮೇಲೆ ಹೇಮಚಂದ್ರ ಛಂದಸ್ಸಿನ ಲೆಕ್ಕದಲ್ಲಿ ಇದನ್ನು ಕಂಡಿದ್ದರು.

ಇದಕ್ಕೆ ಕನ್ನಡದ್ದೇ ಒಂದು ತಿರುವು ಉಂಟು. ಷಟ್ಪದಿಯ ಗಣಗಳು ಲಘುವಿನ ಬೆನ್ನಿಗೇ ಗುರು ಬರುವಂತೆ ಶುರುವಾಗಬಾರದು. ಅಂಥವನ್ನು ತೆಗೆದುಹಾಕಿದರೆ ಮೂರು ಮಾತ್ರೆಗೆ ಉಳಿಯುವುದು ಎರಡೇ ಬಗೆ, ನಾಲ್ಕು ಮಾತ್ರೆಗೆ ನಾಲ್ಕು, ಐದಕ್ಕೆ ಆರು. ಭಾಮಿನಿಗೂ ವಾರ್ಧಕಕ್ಕೂ ಬೇಕಾದ ಗಣಗಳು ಇಷ್ಟರಲ್ಲೇ ಮುಗಿದವು. ಎರಡು, ನಾಲ್ಕು, ಆರು. ಅದೇ ನಿಯಮವನ್ನು ಆರು ಮಾತ್ರೆಗೂ ಹಾಕಿದರೆ? ಇಡೀ ತರಗತಿ ಒಂದೇ ದನಿಯಲ್ಲಿ ಎಂಟು ಎನ್ನುತ್ತದೆ. ಬರೆದು ನೋಡಿದರೆ ಹತ್ತು. ಕನ್ನಡ ಮೇಷ್ಟ್ರೂ ಗಣಿತದ ಮೇಷ್ಟ್ರೂ ಒಂದೇ ಪಿರಿಯಡ್ಡಿನಲ್ಲಿ ಕೂತು ಪಾಠ ಮಾಡಬಹುದಾದ ಅಪರೂಪದ ಜಾಗ ಇದು.

ಕಂಬಂಗೆ ಮರಳಿದರೆ ದನಗಳ ಮಾತು ಬರಲೇಬೇಕು. ಇಲ್ಲಿನ ಕನ್ನಡ ಒಕ್ಕಲಿಗರಿಗೆ ನಂದಗೋಪಾಲ ಸ್ವಾಮಿಯ ದೊಡ್ಡಿ ಪೂಜ್ಯ ಸ್ಥಳ. ಮಾಟ್ಟುಪ್ಪೊಂಗಲ್ ದಿನ ಅಲ್ಲಿ ಜನ ಕಿಕ್ಕಿರಿಯುತ್ತಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ತಂದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಕಂಬಂನ ಕಪ್ಪಿಲಿಯರ ಈ ದೊಡ್ಡಿಯ ಮಂದೆಯ ಹೆಸರು ‘ದೇವರು ಆವು’ ಎಂದೇ ಇದೆ. ಅಚ್ಚ ಕನ್ನಡ. ಮಂದೆ ಬೆಳೆಯುವುದನ್ನು ಕಣ್ಣಾರೆ ಕಂಡ ಇಂಥ ಊರಿನ ಮಕ್ಕಳಿಗೆ ಹೇಳಿ ಮಾಡಿಸಿದ ಲೆಕ್ಕವೊಂದು ನಾರಾಯಣ ಪಂಡಿತನ ‘ಗಣಿತ ಕೌಮುದಿ’ಯಲ್ಲಿದೆ, 1356ರದು. ಒಂದು ಹಸು ವರ್ಷಕ್ಕೊಂದು ಹೆಣ್ಣುಕರು ಹಾಕುತ್ತದೆ. ಕರುಗಳು ಮೂರು ವರ್ಷ ಕಳೆದು ನಾಲ್ಕನೆಯ ವರ್ಷದಿಂದ ತಾವೂ ಹಾಗೆಯೇ ಕರು ಹಾಕುತ್ತವೆ. ಇಪ್ಪತ್ತು ವರ್ಷಕ್ಕೆ ಮಂದೆ ಎಷ್ಟು?

ಮೊದಮೊದಲು ಮಂದಗತಿ. ಒಂದು ಹಸು, ವರ್ಷ ಕಳೆದಂತೆ ಎರಡು, ಮೂರು, ನಾಲ್ಕು. ನಾಲ್ಕನೆಯ ವರ್ಷ ಹಿರಿಯ ಕರುವೂ ತಾಯಾಗಿ ಒಟ್ಟು ಆರು. ಆಮೇಲೆ ಒಂಬತ್ತು, ಹದಿಮೂರು, ಹತ್ತೊಂಬತ್ತು, ಇಪ್ಪತ್ತೆಂಟು. ನಿಯಮ ಹುಡುಕಲು ಬಿಟ್ಟರೆ ಮಕ್ಕಳು ತಿಣುಕುತ್ತಾರೆ. ಯಾಕೆಂದರೆ ಹಿಂದಿನ ಸಂಖ್ಯೆಗೆ ಅದರ ಪಕ್ಕದ್ದನ್ನು ಕೂಡಿದರೆ ಸಾಲದು, ಎರಡನ್ನು ದಾಟಿ ಮೂರು ವರ್ಷ ಹಿಂದಿನದನ್ನು ಕೂಡಬೇಕು. ಯಾಕೆ ಮೂರು ವರ್ಷ? ಈ ವರ್ಷ ಕರು ಹಾಕುವವು ಮೂರು ವರ್ಷದ ಹಿಂದೆಯೇ ಮಂದೆಯಲ್ಲಿ ಇದ್ದವು ಮಾತ್ರ. ಅಂಕಿಗಳಲ್ಲಿ ಹುಡುಕಿದರೆ ಸಿಗದ್ದು ಕೊಟ್ಟಿಗೆಯಲ್ಲಿ ಹುಡುಕಿದರೆ ಸಿಗುತ್ತದೆ. ಹತ್ತನೆಯ ವರ್ಷಕ್ಕೆ 60, ಇಪ್ಪತ್ತನೆಯದಕ್ಕೆ 2745. ‘ಗಂಡುಕರು ಹುಟ್ಟಿದರೆ? ಒಂದು ಸತ್ತರೆ? ಮಾರಿದರೆ?’ ಎಂದು ರೈತನ ಮಗ ಕೇಳಿಯೇ ಕೇಳುತ್ತಾನೆ. ಅಧಿಕಪ್ರಸಂಗ ಎಂದು ಗದರಿಸುವವರು ಅಲ್ಲಿಗೆ ಪಾಠ ಕೆಡಿಸಿದರು. ಲೆಕ್ಕದೊಳಗಿನ ಮಂದೆಗೂ ದೊಡ್ಡಿಯ ಮಂದೆಗೂ ಎಲ್ಲಿ ದಾರಿ ಬೇರೆಯಾಗುತ್ತದೆ ಎಂದು ಅವನು ಗುರುತಿಸಿದ್ದಾನೆ, ಅದು ಉತ್ತರಕ್ಕಿಂತ ದೊಡ್ಡದು.

ಚುಕ್ಕಿ ಸೇರಿಸುವ ರಂಗೋಲಿಯ ಜೊತೆಗೆ ಚುಕ್ಕಿಯ ಸುತ್ತ ಬಳಸಿ ಹೋಗುವ ಎಳೆ ರಂಗೋಲಿಯೂ ಇದೆಯಷ್ಟೆ. ತಮಿಳಿನವರ ಸಿಕ್ಕು ಕೋಲಂ. ಗಣಕವಿಜ್ಞಾನಿಗಳ ಕಣ್ಣು ಮೊದಲು ಬಿದ್ದದ್ದು ಇದರ ಮೇಲೆಯೇ. ಮದರಾಸಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ, ಕಮಲಾ ಕೃತಿವಾಸನ್ 1974ರಲ್ಲಿ ಕೋಲಗಳನ್ನು ಚಿತ್ರಗಳ ವ್ಯಾಕರಣವಾಗಿ ನೋಡಿ ಪ್ರಬಂಧ ಬರೆದರು. ಒಂದು ಪುಟ್ಟ ಕೋಲದಿಂದ ಅದೇ ಜಾತಿಯ ದೊಡ್ಡ ಕೋಲ ಹುಟ್ಟಿಸುವ ನಿಯಮಗಳವು. ಅಮೆರಿಕದ ಮಾರ್ಸಿಯಾ ಆಶರ್ 2002ರಲ್ಲಿ ಇದನ್ನೇ ಹೊರಜಗತ್ತಿಗೆ ವಿವರಿಸಿದರು. ಮಕ್ಕಳಿಗೆ ಅಷ್ಟೆಲ್ಲ ಬೇಡ. ಆಯತಾಕಾರದಲ್ಲಿ ಚುಕ್ಕಿ ಇಟ್ಟು, ಅಂಚಿನಲ್ಲಿ ತಿರುಗುತ್ತ ಓರೆ ಓರೆಯಾಗಿ ಎಲ್ಲ ಚುಕ್ಕಿಯನ್ನೂ ಬಳಸುವ ಸಾದಾ ಹೆಣಿಗೆ ಹಾಕಿಸಿ, ಎಷ್ಟು ಎಳೆ ಬೇಕಾಯಿತು ಎಂದು ಕೇಳಿದರೆ ಸಾಕು. ಎರಡು ಸಾಲು ಮೂರು ಚುಕ್ಕಿಗೆ ಒಂದೇ ಎಳೆ, ಕೈ ಎತ್ತದೆ ಶುರುವಾದಲ್ಲಿಗೇ ಬಂದು ಸೇರುತ್ತದೆ. ಎರಡು ಸಾಲು ನಾಲ್ಕಕ್ಕೆ ಎರಡು ಎಳೆ. ಮೂರು ಸಾಲು ಮೂರಕ್ಕೆ ಮೂರು. ನಾಲ್ಕು ಸಾಲು ಆರಕ್ಕೆ ಎರಡು. ಐದು ಸಾಲು ಎಂಟಕ್ಕೆ ಮತ್ತೆ ಒಂದೇ.

ಇದು ಏರುತ್ತ ಹೋಗುವ ಸಾಲಲ್ಲ, ಹತ್ತಿ ಇಳಿದು ಆಡುತ್ತದೆ. ಎಷ್ಟೋ ಹೊತ್ತು ಕೋಷ್ಟಕ ದ್ರೋಹ ಮಾಡುತ್ತದೆ, ಕೊನೆಗೆ ಯಾರಿಗಾದರೂ ಹೊಳೆಯುತ್ತದೆ: ಎರಡೂ ಸಂಖ್ಯೆಯ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಅಲ್ಲವೆ ಇದು! ಪರೀಕ್ಷೆಯಲ್ಲಿ ಭಾಗಿಸಿ ಭಾಗಿಸಿ ಬೇಸತ್ತ ಮ.ಸಾ.ಅ. ಹೊಸ್ತಿಲಲ್ಲೇ ಕೂತಿತ್ತು. ಐದು-ಎಂಟರ ಹಾಸಿನಿಂದ ಐದು-ಐದರ ಚೌಕವನ್ನು ಕತ್ತರಿಸಿ ತೆಗೆದರೂ ಎಳೆಗಳ ಸಂಖ್ಯೆ ಬದಲಾಗದು; ಉಳಿದ ಐದು-ಮೂರರಿಂದ ಮೂರರ ಚೌಕ ತೆಗೆಯಿರಿ, ಮೂರು-ಎರಡರಿಂದ ಎರಡರದ್ದು, ಕೊನೆಗೆ ಉಳಿಯುವುದು ಒಂದೇ ಚುಕ್ಕಿ, ಒಂದೇ ಎಳೆ. ಎರಡು, ಮೂರು, ಐದು, ಎಂಟು, ಹದಿಮೂರು: ಮಾತ್ರೆಗಳ ಸಾಲಿನ ಅಕ್ಕಪಕ್ಕದ ಯಾವ ಎರಡನ್ನು ತೆಗೆದುಕೊಂಡರೂ ಎಳೆ ಒಂದೇ. ಭೌತವಿಜ್ಞಾನಿ ಎಸ್. ನಾರಾಣನ್ ಇದೇ ಸಂಖ್ಯೆಗಳ ಅಳತೆಯಲ್ಲಿ ಕೋಲಗಳನ್ನು ಕಟ್ಟಿ ತೋರಿಸಿದ್ದಾರೆ.

ಬೆಟ್ಟದ ಮೇಲಿನ ಕೊಡೈಕಾನಲ್ ಬೇರೆಯದೇ ಪಾಠ ಹೇಳುತ್ತದೆ. ಅಲ್ಲಿನ ಕುರಿಂಜಿ ಹೂ 1982, 1994, 2006, 2018ರಲ್ಲಿ ಬಿಟ್ಟಿತು. ಹನ್ನೆರಡು ಕೂಡಿದ ಮಗು 2030 ಎನ್ನುತ್ತದೆ, ಎಲ್ಲರೂ ಕಾಯುತ್ತಿರುವುದೂ ಆ ವರ್ಷವನ್ನೇ. ಅದೇ ಊರಿನಲ್ಲಿ 1899ರಲ್ಲಿ ನೆಲೆಯಾದ ಸೌರ ವೀಕ್ಷಣಾಲಯ ನೂರು ವರ್ಷಕ್ಕೂ ಮೀರಿ ಸೂರ್ಯನ ಚಿತ್ರ ತೆಗೆದಿಟ್ಟಿದೆ. ಸೂರ್ಯಕಲೆಗಳಲ್ಲಿ ಅನಿಲ ಹೊರಕ್ಕೆ ಹರಿಯುವುದನ್ನು ಜಾನ್ ಎವರ್ಶೆಡ್ ಕಂಡದ್ದು ಇಲ್ಲೇ, 1909ರಲ್ಲಿ. ಈಗ ಅದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಭಾಗ. ಸೂರ್ಯಕಲೆಗಳು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚುತ್ತವೆ ಎಂದು ಪುಸ್ತಕದಲ್ಲಿ ಓದುತ್ತೇವೆ. ಹೆಚ್ಚಿದ ವರ್ಷಗಳನ್ನೇ ಬರೆದುಕೊಳ್ಳಿ: 1979, 1989, 2001, 2014, 2024. ನಡುವಿನ ಅಂತರ 10, 12, 13, 10. ಹನ್ನೊಂದು ಒಂದು ಕಡೆಯೂ ಇಲ್ಲ! ಸರಾಸರಿ ಮಾತ್ರ ಅದರ ಆಸುಪಾಸಿನಲ್ಲೇ ಸುಳಿಯುತ್ತದೆ. ಚುಕ್ಕಿಯಲ್ಲಿ ಆರಾರೇ ಯಾಕೆ ಹೆಚ್ಚಬೇಕು ಎಂದು ಕೈಯಿಟ್ಟು ತೋರಿಸಬಹುದು. ಸೂರ್ಯನಿಗೆ ಹಾಗೆ ತೋರಿಸಲು ಬರುವುದಿಲ್ಲ, ಅದಕ್ಕೇ ದಿನದಿನವೂ ನೋಡಿ ಬರೆದಿಡುವವರು ಬೇಕು. ಇವೆರಡರ ಅಂತರ ಹತ್ತು ವರ್ಷದ ಮಗುವಿಗೆ ತಿಳಿಯುತ್ತದೆ, ಹೇಳುವವರಿದ್ದರೆ.

ಹಾಗಂತ ಆಕಾರಗಳು ಎಂದೂ ಮೋಸ ಮಾಡವು ಎಂದುಕೊಳ್ಳಬಾರದು. ಒಂದು ಬಟ್ಟಲು ಬೋರಲು ಹಾಕಿ ವೃತ್ತ ಎಳೆಸಿ. ಅಂಚಿನಲ್ಲಿ ಒಂದು ಚುಕ್ಕಿ: ವೃತ್ತ ಒಂದೇ ತುಂಡು. ಎರಡು ಚುಕ್ಕಿ ಇಟ್ಟು ಗೆರೆ ಎಳೆದರೆ ಎರಡು ತುಂಡು. ಮೂರು ಚುಕ್ಕಿ, ಎಲ್ಲವನ್ನೂ ಎಲ್ಲದಕ್ಕೂ ಸೇರಿಸಿದರೆ ನಾಲ್ಕು ತುಂಡು. ನಾಲ್ಕಕ್ಕೆ ಎಂಟು, ಐದಕ್ಕೆ ಹದಿನಾರು. ಆರಕ್ಕೆ? ಇಷ್ಟು ಹೊತ್ತಿಗೆ ಯಾರೂ ಗೆರೆ ಎಳೆಯುವ ಗೋಜಿಗೆ ಹೋಗುವುದಿಲ್ಲ, ಮೂವತ್ತೆರಡು ಎಂದು ಬರೆದು ಸ್ಲೇಟು ಮೇಲೆತ್ತುತ್ತಾರೆ. ಎಳೆದೇ ನೋಡಿ ಎಂದು ಹಟ ಹಿಡಿಯಬೇಕು. ಕೆಲವರಿಗೆ ಮೂವತ್ತೊಂದು ಬರುತ್ತದೆ. ಚುಕ್ಕಿಗಳನ್ನು ಸಮ ಅಂತರದಲ್ಲಿ ಚಂದವಾಗಿ ಇಟ್ಟವರಿಗೆ, ಮೂರು ಗೆರೆ ನಡುವಿನ ಒಂದೇ ಬಿಂದುವಿನಲ್ಲಿ ಹಾಯ್ದುಹೋಗಿ ಒಂದು ತುಂಡು ಕಳೆದುಹೋಗಿ, ಮೂವತ್ತು. ಮೂವತ್ತೆರಡು ಯಾರಿಗೂ ಬರುವುದಿಲ್ಲ, ಎಷ್ಟು ಸಲ ಅಳಿಸಿ ಎಳೆದರೂ. ಏಳು ಚುಕ್ಕಿಗೆ, ಯಾವ ಮೂರು ಗೆರೆಯೂ ಒಂದೇ ಕಡೆ ಕೂಡದಂತೆ ಎಳೆದರೆ, 57. ಎಂಟಕ್ಕೆ ಎಷ್ಟೆಂದು ಈ ಭಾನುವಾರ ಮನೆಯ ಮಕ್ಕಳ ಜೊತೆ ಕೂತು ಎಳೆದು ನೋಡಿ, ಪೆನ್ಸಿಲ್ ಚೂಪಾಗಿರಲಿ.